ಎಂಟು ಜನ, ಒಂದು ಕ್ಯಾಟಮರಾನ್, ಸರೋನಿಕ್ ಕೊಲ್ಲಿ: ಮೊದಲ ಯಾಟ್ ರಜೆಯ ಒಂದು ಪ್ರಕರಣ ಅಧ್ಯಯನ

ಕುಟುಂಬದ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಅಥವಾ ಕೈಬಿಟ್ಟು ಈ ಪ್ರಕರಣವನ್ನು ಬರೆಯಲಾಗಿದೆ. ಯೋಜನೆಯ ಹಂತದಲ್ಲಿ ನಾನು ಸಲಹೆಗಾರನಾಗಿ ಜೊತೆಗಿದ್ದೆ. ಪ್ರಯಾಣದ ವಿವರಗಳನ್ನು ಅವರು ಹಿಂದಿರುಗಿದ ಮೇಲೆ ಕೇಳಿ ಬರೆದುಕೊಂಡಿದ್ದೇನೆ. ಸಮುದ್ರದ ಮೇಲೆ ಕಳೆಯುವ ಒಂದು ವಾರ ಹೇಗೆ ಸಾಗಬಹುದೆಂಬುದು, ಮುಂಗಡ ಕಟ್ಟುವ ಮುನ್ನ ಮನೆಯವರು ತೆಗೆದುಕೊಳ್ಳುವ ಕೆಲವು ತೀರ್ಮಾನಗಳಲ್ಲೇ ಬಹುಮಟ್ಟಿಗೆ ಇತ್ಯರ್ಥವಾಗಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆಯಾಗಿರುವುದರಿಂದ, ದ್ವೀಪಗಳ ವರ್ಣನೆಗಿಂತ ಆ ತೀರ್ಮಾನಗಳಿಗೇ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ.

ಹಿನ್ನೆಲೆ

ಅಣ್ಣ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ನೆಲೆಸಿ ಬಹಳ ವರ್ಷಗಳಾಗಿವೆ. ಹೆಂಡತಿ ಮತ್ತು ಹದಿನಾಲ್ಕು ವರ್ಷದ ಮಗನೊಂದಿಗೆ ಅಲ್ಲಿದ್ದಾರೆ. ತಂಗಿ ಮೈಸೂರಿನಲ್ಲಿ ಗಂಡ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗನ ಜೊತೆಗಿದ್ದಾರೆ. ತಾಯಿ ತಂಗಿಯ ಮನೆಯಲ್ಲಿರುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿ ನೋವು, ಶುದ್ಧ ಸಸ್ಯಾಹಾರ. ಅಣ್ಣನವರು ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ 'ಡೇ ಸ್ಕಿಪ್ಪರ್' (ಹಗಲಿನಲ್ಲಿ ಯಾಟ್ ನಡೆಸುವ ನಾವಿಕ) ತರಬೇತಿಯನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೋಲೆಂಟ್ ಜಲಸಂಧಿಯಲ್ಲಿ ಮುಗಿಸಿ, ಅದರ ಆಧಾರದ ಮೇಲೆ ಬೇರೆ ದೇಶಗಳಲ್ಲಿ ದೋಣಿ ನಡೆಸಲು ತೋರಿಸುವ ಐಸಿಸಿ ಎಂಬ ಅಂತಾರಾಷ್ಟ್ರೀಯ ಪ್ರಮಾಣಪತ್ರವನ್ನೂ ಪಡೆದಿದ್ದರು. ಮನೆಮಂದಿಯನ್ನೆಲ್ಲ ಗ್ರೀಸಿನ ದ್ವೀಪಗಳಿಗೆ ತಾವೇ ಚುಕ್ಕಾಣಿ ಹಿಡಿದು ಕರೆದೊಯ್ಯಬೇಕೆಂಬುದು ಅವರ ಬಹುದಿನದ ಆಸೆಯಾಗಿತ್ತು.

ಅವರು ಮೊದಲು ಕಳಿಸಿದ ನಕ್ಷೆಯಲ್ಲಿ ಆಗಸ್ಟ್ ತಿಂಗಳ ಒಂದು ವಾರಕ್ಕೆ ಅಥೆನ್ಸಿನಿಂದ ಮಿಕೊನೊಸ್, ಅಲ್ಲಿಂದ ಸ್ಯಾಂಟೊರಿನಿ, ಮತ್ತೆ ಅಥೆನ್ಸ್ ಎಂದು ಗೆರೆ ಎಳೆದಿತ್ತು. ಐವತ್ತಡಿ ಉದ್ದದ, ಒಂದೇ ಒಡಲಿನ ಹಾಯಿದೋಣಿಯನ್ನು ನಾವಿಕನಿಲ್ಲದೆ ಬಾಡಿಗೆಗೆ ಪಡೆಯುವುದೆಂದು ಬರೆದಿದ್ದರು. ದೋಣಿಯ ಚಿತ್ರಗಳು ಆಗಲೇ ಮನೆಯವರ ಮೊಬೈಲುಗಳಲ್ಲಿ ಹರಿದಾಡಿದ್ದವು.

ಸಮಸ್ಯೆ

ಆ ಗೆರೆಯನ್ನು ಗಂಟೆಗಳಿಗೆ ಪರಿವರ್ತಿಸಿದಾಗ ಸಮಸ್ಯೆ ಕಣ್ಣಿಗೆ ಬಿತ್ತು. ಅಥೆನ್ಸಿನ ಬಂದರಾದ ಪಿರೇಯಸ್ ಆಸುಪಾಸಿನಿಂದ ಮಿಕೊನೊಸ್‌ಗೆ ತೊಂಬತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್), ಅಲ್ಲಿಂದ ಸ್ಯಾಂಟೊರಿನಿಗೆ ಅರವತ್ತೈದರ ಹತ್ತಿರ, ಹಿಂದಿರುಗಲು ಸುಮಾರು 130. ಒಟ್ಟು 280ಕ್ಕೂ ಮೇಲೆ. ಇಂಥ ದೋಣಿಗಳು ಸಾಮಾನ್ಯವಾಗಿ ಗಂಟೆಗೆ ಆರು ನಾಟಿಕಲ್ ಮೈಲಿಯ ಆಸುಪಾಸಿನಲ್ಲಿ ಸಾಗುತ್ತವೆ ಎಂದಿಟ್ಟುಕೊಂಡರೆ, ಏಳು ರಾತ್ರಿಗಳ ರಜೆಯಲ್ಲಿ ಸುಮಾರು 47 ಗಂಟೆ ಬರೀ ಪ್ರಯಾಣವೇ ಆಗುತ್ತದೆ. ಬಾಡಿಗೆಯ ವಾರ ಶನಿವಾರ ಸಂಜೆ ಐದರ ಹೊತ್ತಿಗೆ ಆರಂಭವಾಗಿ, ದೋಣಿಯನ್ನು ಶುಕ್ರವಾರ ಸಂಜೆಯೊಳಗೆ ಮೂಲ ಬಂದರಿಗೆ ತಂದು ನಿಲ್ಲಿಸಿ ಶನಿವಾರ ಬೆಳಿಗ್ಗೆ ಇಳಿಯಬೇಕಾದ್ದರಿಂದ, ನಿಜವಾಗಿ ಕೈಗೆ ಸಿಗುವುದು ಆರು ಹಗಲು ಮಾತ್ರ.

ಅದಕ್ಕಿಂತ ದೊಡ್ಡ ತೊಡಕೆಂದರೆ ಗಾಳಿ. ಜುಲೈ ಮತ್ತು ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರ ದಿಕ್ಕಿನಿಂದ ಮೆಲ್ಟೆಮಿ ಎಂಬ ಒಣ ಗಾಳಿ ಬೀಸುತ್ತದೆ. ಮಳೆಯಾಗಲಿ ಮೋಡವಾಗಲಿ ಇಲ್ಲದೆ, ನೀಲಿ ಆಕಾಶದ ಕೆಳಗೇ ದಿನಗಟ್ಟಲೆ ಬಿಡದೆ ಬೀಸುವ ಈ ಗಾಳಿಯ ರಭಸ, ಮಿಕೊನೊಸ್, ಸ್ಯಾಂಟೊರಿನಿ ಸೇರಿರುವ ಸೈಕ್ಲಡೀಸ್ ದ್ವೀಪಗಳ ನಡುವೆ ಹೆಚ್ಚು. ದಕ್ಷಿಣಕ್ಕೆ ಹೋಗುವಾಗ ಅದು ಬೆನ್ನಿಗಿರುತ್ತದೆ, ಆಗ ಎಲ್ಲವೂ ಸಲೀಸು. ಸ್ಯಾಂಟೊರಿನಿಯಿಂದ ಹಿಂದಿರುಗುವಾಗ ಅದೇ ಗಾಳಿಗೆ ಎದುರಾಗಿ, ಅಲೆಗಳಿಗೆ ಮೂತಿಯೊಡ್ಡಿ, ಶುಕ್ರವಾರದ ಗಡುವಿನೊಳಗೆ ಬರಬೇಕು. ಮಂಡಿ ನೋವಿನ ತಾಯಿಯೂ ಆರು ವರ್ಷದ ಮಗುವೂ ಒಂದು ಪಕ್ಕಕ್ಕೆ ವಾಲಿಕೊಂಡೇ ಸಾಗುವ ದೋಣಿಯಲ್ಲಿ ಹೀಗೆ ಎರಡು ದಿನ ಕಳೆಯುವುದನ್ನು ಅಣ್ಣನವರು ಊಹಿಸಿಯೇ ಇರಲಿಲ್ಲ.

ಮೂರನೆಯದು ಪರವಾನಗಿಯದು. ಗ್ರೀಸಿನಲ್ಲಿ ನಾವಿಕನಿಲ್ಲದೆ ದೋಣಿ ಪಡೆಯಲು ಒಬ್ಬರ ಪ್ರಮಾಣಪತ್ರವಷ್ಟೇ ಸಾಲದು. ದೋಣಿ ನಡೆಸುವುದರಲ್ಲಿ ಅನುಭವವುಳ್ಳ ಎರಡನೆಯ ವ್ಯಕ್ತಿಯೂ ತಂಡದಲ್ಲಿರಬೇಕು. ಈ ತಂಡದಲ್ಲಿ ಅಂಥವರು ಇರಲಿಲ್ಲ. "ಇವಳನ್ನೇ ಎರಡನೆಯವಳು ಅಂತ ಬರೆದರಾಯಿತು, ಯಾರು ನೋಡುತ್ತಾರೆ?" ಎಂದು ಅಣ್ಣನವರು ಹೆಂಡತಿಯ ಹೆಸರು ಸೂಚಿಸಿದರು. ಅವರ ಹೆಂಡತಿ ಒಪ್ಪಲಿಲ್ಲ. ಕಾಗದದ ಮೇಲೆ ಅನುಭವಿ ಎಂದು ಸಹಿ ಹಾಕಿದವರೇ, ಗಂಡನಿಗೆ ಏನಾದರೂ ಆದರೆ ಏಳು ಜನರನ್ನು ದಡ ಮುಟ್ಟಿಸಬೇಕಾದವರೂ ಹೌದು ಎಂಬುದು ಅವರ ವಾದವಾಗಿತ್ತು. ಈ ಪ್ರಕರಣದ ಮೊದಲ ತಿರುವು ಅದು.

ತೆಗೆದುಕೊಂಡ ತೀರ್ಮಾನಗಳು

ಮೊದಲು ಇತ್ಯರ್ಥವಾದದ್ದು ತಿಂಗಳು. ಇಂಗ್ಲೆಂಡಿನ ಶಾಲೆಗಳ ದೀರ್ಘ ರಜೆ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ. ಆಗ ಮೈಸೂರಿನ ಮಕ್ಕಳಿಗೆ ಪಾಠ ನಡೆಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನವರಿಗೆ ಬಿಡುವು, ಆದರೆ ಏಜಿಯನ್ ನೀರು ಮಕ್ಕಳು ಇಳಿಯಲಾರದಷ್ಟು ತಣ್ಣಗಿರುತ್ತದೆ. ಅಕ್ಟೋಬರಿನ ಮಾತೆತ್ತಿದಾಗ ದಸರಾ ಬಿಟ್ಟು ಬರುವುದಿಲ್ಲವೆಂದು ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟರು. ಇಂಗ್ಲೆಂಡಿನ ಶರತ್ಕಾಲದ ಬಿಡುವು ಬರುವುದು ತಿಂಗಳ ಕೊನೆಗಾದ್ದರಿಂದ ಅದು ಹೇಗೂ ಹೊಂದುತ್ತಿರಲಿಲ್ಲ. ಎರಡೂ ಕಡೆಯ ವೇಳಾಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಉಳಿದದ್ದು ಮೇ ಕೊನೆಯ ವಾರ. ಆಗ ಇಂಗ್ಲೆಂಡಿನ ಶಾಲೆಗಳಿಗೆ ಒಂದು ವಾರದ ಬಿಡುವಿರುತ್ತದೆ; ಮೈಸೂರಿನಲ್ಲಿ ಶಾಲೆ ತೆರೆಯುವ ಒಂದೆರಡು ದಿನ ತಪ್ಪಿದರೂ ನಡೆಯುತ್ತದೆ. ನೀರು ಸುಮಾರು 20 ಡಿಗ್ರಿ. ಮೆಲ್ಟೆಮಿಯ ಕಾಲ ಇನ್ನೂ ಆರಂಭವಾಗಿರುವುದಿಲ್ಲ. ಬಾಡಿಗೆಯೂ ಆಗಸ್ಟ್‌ಗಿಂತ ಗಣನೀಯವಾಗಿ ಕಡಿಮೆ. ಶಾಲೆಯ ಕಾರಣಕ್ಕೆ ಆರಿಸಿದ ವಾರವೇ ಸಮುದ್ರದ ದೃಷ್ಟಿಯಿಂದಲೂ ಉತ್ತಮವಾಗಿದ್ದದ್ದು ಅದೃಷ್ಟವೆಂದೇ ಹೇಳಬೇಕು.

ಎರಡನೆಯದು ಜಾಗ. ಗ್ರೀಸಿನ ಪಶ್ಚಿಮಕ್ಕಿರುವ, ಗಾಳಿ ಸೌಮ್ಯವಾಗಿರುವ ಅಯೋನಿಯನ್ ಸಮುದ್ರದ ಕಡೆಯ ಲೆಫ್ಕಡಾ ಮತ್ತು ಅಥೆನ್ಸಿಗೆ ಅಂಟಿಕೊಂಡಿರುವ ಸರೋನಿಕ್ ಕೊಲ್ಲಿ, ಈ ಎರಡನ್ನು ಹೋಲಿಸಿ ನೋಡಲಾಯಿತು. ಮೊದಲ ಸಲ ಹೋಗುವವರಿಗೆ ಅಯೋನಿಯನ್ ಹೆಚ್ಚು ಸುಲಭವೆಂಬುದು ನನ್ನ ಅಭಿಪ್ರಾಯ. ಆದರೆ ಬೆಂಗಳೂರಿನಿಂದ ಕೊಲ್ಲಿ ರಾಷ್ಟ್ರವೊಂದರಲ್ಲಿ ವಿಮಾನ ಬದಲಿಸಿ ಬರುವ ತಾಯಿಗೆ ಅಥೆನ್ಸಿನಾಚೆ ಮತ್ತೊಂದು ವಿಮಾನವನ್ನೋ ಗಂಟೆಗಟ್ಟಲೆ ಬಸ್ಸನ್ನೋ ಹೇರುವುದು ಸರಿಯಲ್ಲವೆಂದು ತಂಗಿ ಪಟ್ಟು ಹಿಡಿದರು. ಅಥೆನ್ಸಿನ ಅಲಿಮೊಸ್ ಮರೀನಾ ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯ ದೂರದಲ್ಲಿದೆ. ಹಾಗಾಗಿ ಸರೋನಿಕ್ ಗೆದ್ದಿತು.

ಮೂರನೆಯದು ದೋಣಿ ಮತ್ತು ನಾವಿಕ. ವಾಲುವುದು ಕಡಿಮೆಯೆಂದೂ, ಅಡುಗೆಮನೆಯೂ ಊಟದ ಮೇಜೂ ಡೆಕ್ಕಿನ ಮಟ್ಟದಲ್ಲೇ ಇರುತ್ತವೆಂದೂ ನಲವತ್ತೆರಡು ಅಡಿಯ, ಎರಡೊಡಲಿನ ಕ್ಯಾಟಮರಾನ್ ಆಯ್ಕೆಯಾಯಿತು. ನಾಲ್ಕು ಕೋಣೆಗಳನ್ನು ಇಬ್ಬಿಬ್ಬರಿಗೆ ಹಂಚಿದರೆ ಎಂಟು ಜನಕ್ಕೆ ಸರಿಹೋಗುತ್ತದೆ. ನಾವಿಕನಿಗೆ ಮೂತಿಯ ಭಾಗದಲ್ಲಿ ಸಣ್ಣ ಹಾಸಿಗೆಯಿರುವ ದೋಣಿಯನ್ನೇ ಹುಡುಕಬೇಕಾಯಿತು. ಇದನ್ನು ಅನೇಕರು ಮರೆಯುತ್ತಾರೆ: ಸ್ಕಿಪ್ಪರ್ ಎಂದರೆ ದಿನಕ್ಕೆ 200 ಯೂರೋ ಆಸುಪಾಸಿನ ಸಂಬಳವಷ್ಟೇ ಅಲ್ಲ, ಅವರಿಗೊಂದು ಮಲಗುವ ಜಾಗ, ಮೂರು ಹೊತ್ತಿನ ಊಟ ಎರಡೂ ನಮ್ಮ ಹೊಣೆ.

ಸ್ಕಿಪ್ಪರ್ ವಿಷಯದಲ್ಲಿ ಅಣ್ಣನವರಿಗೆ ಮನಸ್ಸಿಲ್ಲದಿದ್ದುದು ಸಹಜ. ಅವರನ್ನು ಒಪ್ಪಿಸಿದ್ದು ಕಾನೂನಿನ ಮಾತಲ್ಲ, ಅವರೇ ಕಲಿತ ವಿದ್ಯೆಯ ಮಾತು. ಸೋಲೆಂಟಿನಲ್ಲಿ ಭರತ ಇಳಿತದ ವ್ಯತ್ಯಾಸ ಕೆಲವೆಡೆ ನಾಲ್ಕು ಮೀಟರ್ ಮುಟ್ಟುತ್ತದೆ. ಅಲ್ಲಿ ಕಲಿತವರು ನೀರಿನ ಏರಿಳಿತ, ಸೆಳೆತಗಳ ಲೆಕ್ಕದಲ್ಲಿ ಪಳಗಿರುತ್ತಾರೆ. ಗ್ರೀಸಿನಲ್ಲಿ ಆ ಲೆಕ್ಕ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಅಲ್ಲಿ ಬೇಕಾದದ್ದು, ಧಕ್ಕೆಯಿಂದ ಮೂರ್ನಾಲ್ಕು ದೋಣಿಯುದ್ದ ದೂರದಲ್ಲಿ ಲಂಗರು ಬಿಟ್ಟು, ಸರಪಳಿ ಸಡಿಲಿಸುತ್ತ, ಎರಡು ದೋಣಿಗಳ ನಡುವಿನ ಕಿರಿದಾದ ಸಂದಿಗೆ ಹಿಮ್ಮುಖವಾಗಿ ಸರಿದು ಹಿಂಭಾಗವನ್ನು ಧಕ್ಕೆಗೆ ಕಟ್ಟುವ ಕೌಶಲ. ಅಣ್ಣನವರು ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಸ್ಕಿಪ್ಪರ್ ಇದ್ದರೂ ಚುಕ್ಕಾಣಿ ಸಾಧ್ಯವಾದಷ್ಟು ತಮ್ಮ ಕೈಯಲ್ಲೇ ಇರಬೇಕು, ಬಂದರಿಗೆ ಕಟ್ಟುವುದನ್ನು ಕಲಿಸಬೇಕು ಎಂಬ ಷರತ್ತನ್ನು ಬುಕಿಂಗ್ ಸಮಯದಲ್ಲೇ ಬರೆಸಿದ ಮೇಲೆ ಅವರು ಒಪ್ಪಿದರು.

ವೀಸಾ ಮತ್ತು ಮುಂಗಡ

ಭಾರತದಿಂದ ಹೋಗುವವರಿಗೆ ಇಲ್ಲೊಂದು ಸಿಕ್ಕು ಇದೆ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿಯ ವಾಸ್ತವ್ಯದ ದಾಖಲೆ ತೋರಿಸಬೇಕು. ದೋಣಿಯ ಒಪ್ಪಂದಪತ್ರ ಮತ್ತು ಪ್ರಯಾಣಿಕರ ಪಟ್ಟಿಯೇ ಆ ದಾಖಲೆಯಾಗುತ್ತದೆ, ಆದರೆ ಒಪ್ಪಂದವಾಗಬೇಕಾದರೆ ಬಾಡಿಗೆಯ ಅರ್ಧದಷ್ಟು ಮುಂಗಡ ಕಟ್ಟಿರಬೇಕು. ವೀಸಾ ಸಿಗದಿದ್ದರೆ ಆ ಹಣ ಮರಳಿ ಬರುವುದು ಕಷ್ಟ. ಹೋಟೆಲನ್ನು ರದ್ದು ಮಾಡುವಷ್ಟು ಸಲೀಸಾಗಿ ಯಾಟನ್ನು ರದ್ದು ಮಾಡಲಾಗುವುದಿಲ್ಲ.

ಇದನ್ನು ನಿಭಾಯಿಸಿದ ಬಗೆ ಹೀಗೆ. ಒಪ್ಪಂದವನ್ನು ಅಣ್ಣನವರ ಹೆಸರಿನಲ್ಲಿ ಮಾಡಿಸಲಾಯಿತು. ಅವರ ಮನೆಯ ಮೂವರದೂ ಬ್ರಿಟಿಷ್ ಪಾಸ್‌ಪೋರ್ಟ್, ವೀಸಾ ಬೇಕಿರಲಿಲ್ಲ. ಹಾಗಾಗಿ ಮೈಸೂರಿನವರಿಗೆ ತಪ್ಪಿದರೂ ಪ್ರಯಾಣ ಪೂರ್ತಿ ಮುಳುಗುತ್ತಿರಲಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಲು ಅವಕಾಶವಿರುವುದರಿಂದ, ಬೇಸಿಗೆಯ ನೂಕುನುಗ್ಗಲಿಗೆ ಮುಂಚೆಯೇ, ಫೆಬ್ರವರಿಯಲ್ಲಿ, ಮೈಸೂರಿನ ಐದೂ ಜನ ಅರ್ಜಿ ಸಲ್ಲಿಸಿದರು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ವೀಸಾಕ್ಕೆ ಹೇಗೂ ಕಡ್ಡಾಯ. ಹಾಯಿದೋಣಿಯ ಪ್ರಯಾಣವೂ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದುಕೊಂಡರು. ಬಾಕಿ ಹಣ ಕಟ್ಟುವ ಗಡುವಿಗೆ ಸಾಕಷ್ಟು ಮುಂಚೆಯೇ ವೀಸಾ ಕೈಸೇರಿತು.

ಹಣದ ಹಂಚಿಕೆಯ ಮಾತು ಬಂದಾಗ ಸ್ವಲ್ಪ ಬಿಗುವಾಯಿತು. ತಲೆಗಿಷ್ಟು ಎಂದರೆ ತಂಗಿಯ ಮನೆಗೆ ಹೊರೆ ಹೆಚ್ಚು. ಕೋಣೆಗಿಷ್ಟು ಎಂದರೆ ತಾಯಿಯ ಪಾಲು ಯಾರದು ಎಂಬ ಪ್ರಶ್ನೆ. ಕೊನೆಗೆ ದೋಣಿಯ ಬಾಡಿಗೆ, ಸ್ಕಿಪ್ಪರ್ ಸಂಬಳವನ್ನು ಎರಡು ಮನೆಗಳು ಸಮನಾಗಿ ಹೊರುವುದು, ತಾಯಿಯ ವಿಮಾನದ ಖರ್ಚು ಅಣ್ಣನದು, ದಿನಸಿ ಮತ್ತು ಬಂದರಿನ ಖರ್ಚಿಗೆ ಒಂದು ಸಾಮಾನ್ಯ ಹಣದ ಚೀಲ ಎಂದು ತೀರ್ಮಾನವಾಯಿತು. ಬಾಡಿಗೆಯ ಮೊತ್ತದ ಜೊತೆಗೆ ಡೀಸೆಲ್, ಕೊನೆಯ ದಿನದ ಶುಚಿಗೊಳಿಸುವಿಕೆ, ಹೊದಿಕೆ ಬಟ್ಟೆಗಳು, ಸಣ್ಣ ದೋಣಿಯ ಎಂಜಿನ್, ಏಳು ಮೀಟರಿಗಿಂತ ಉದ್ದದ ದೋಣಿಗಳಿಗೆ ಗ್ರೀಸ್ ವಿಧಿಸುವ ತೆರಿಗೆ, ಸ್ಕಿಪ್ಪರ್ ಎಲ್ಲ ಸೇರಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮೇಲೆ ಬಿದ್ದಿತು. ಇದಲ್ಲದೆ ಹಾನಿಯ ಠೇವಣಿಯೆಂದು ಕಾರ್ಡಿನಲ್ಲಿ ದೊಡ್ಡ ಮೊತ್ತವೊಂದನ್ನು ತಡೆಹಿಡಿಯುತ್ತಾರೆ; ಆ ಮಿತಿಯಿರುವ ಕಾರ್ಡ್ ಯಾರ ಬಳಿಯಿದೆ ಎಂಬುದನ್ನು ಊರಲ್ಲೇ ನೋಡಿಕೊಂಡಿರಬೇಕು.

ಅಡುಗೆಯ ಸಿದ್ಧತೆ

ಯೋಜನೆಯಲ್ಲಿ ಅತಿ ಹೆಚ್ಚು ಚರ್ಚೆಯಾದ ವಿಷಯ ಇದೇ. ತಾಯಿ ಕಟ್ಟಿಟ್ಟ ಪೆಟ್ಟಿಗೆಯಲ್ಲಿ ಮನೆಯಲ್ಲೇ ಕಾಯಿಸಿದ ತುಪ್ಪದ ಡಬ್ಬಿ, ಕರಿಬೇವಿನ ಕಟ್ಟು, ಸಣ್ಣ ಮಿಕ್ಸಿ ಇದ್ದವು. ಮೂರನ್ನೂ ತೆಗೆಯಬೇಕಾಯಿತು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ. ತುಪ್ಪ ಹಾಲಿನ ಉತ್ಪನ್ನವೇ. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಿಕ್ಸಿಯ ಕಥೆ ಬೇರೆ: ದೋಣಿ ಧಕ್ಕೆಗೆ ಕಟ್ಟಿ ದಡದ ವಿದ್ಯುತ್ತಿಗೆ ಜೋಡಿಸಿದಾಗ ಮಾತ್ರ ಮನೆಯಂಥ ಕರೆಂಟು, ಉಳಿದಂತೆ ಎಲ್ಲವೂ 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಆದ್ದರಿಂದ ರುಬ್ಬುವ ಕೆಲಸವಿಲ್ಲದ ಅಡುಗೆಗಳ ಪಟ್ಟಿ ತಯಾರಾಯಿತು. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಮೂರು ಲೀಟರಿನ ಕುಕ್ಕರ್ ಹೊರಟವು. ಅಕ್ಕಿ, ತರಕಾರಿ, ಮೊಸರು, ಬೆಣ್ಣೆ ಅಥೆನ್ಸಿನಲ್ಲೇ. ಗ್ರೀಸಿನ ಗಟ್ಟಿ ಮೊಸರಿಗೆ ನೀರು ಬೆರೆಸಿದರೆ ಮೊಸರನ್ನಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಬೆಣ್ಣೆ ಕಾಯಿಸಿದರೆ ತುಪ್ಪವೂ ಆಯಿತು ಎಂಬುದನ್ನು ತಾಯಿಯೇ ಎರಡನೆಯ ದಿನ ಕಂಡುಕೊಂಡರು.

ನಡೆದದ್ದು

ಮೈಸೂರಿನ ಐದು ಜನ ಗುರುವಾರವೇ ಅಥೆನ್ಸ್ ತಲುಪಿದರು. ಶನಿವಾರ ಬೆಳಿಗ್ಗೆ ಇಳಿದು ಸಂಜೆ ದೋಣಿ ಹತ್ತುವ ಮೊದಲ ಯೋಚನೆಯನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು, ಏಕೆಂದರೆ ಒಂದು ಪೆಟ್ಟಿಗೆ ಒಂದು ದಿನ ತಡವಾಗಿ ಬಂತು.

ದೋಣಿ ಹಸ್ತಾಂತರಕ್ಕೆ ಎರಡು ಗಂಟೆ ಹಿಡಿಯಿತು. ಹಳೆಯ ಗೀರುಗಳನ್ನೆಲ್ಲ ಹದಿನಾಲ್ಕರ ಹುಡುಗ ಫೋಟೊ ತೆಗೆದಿಟ್ಟ. ಶೌಚಾಲಯದಲ್ಲಿ ಕಾಗದ ಹಾಕಬಾರದು, ಟ್ಯಾಂಕಿನ ಸಿಹಿನೀರು ಒಂಬತ್ತು ಜನಕ್ಕೆ ಎರಡು ಮೂರು ದಿನ ಬರಬೇಕು ಎಂದು ಸ್ಕಿಪ್ಪರ್ ಹೇಳಿದಾಗ, ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿ ನೀರು ನೋಡಿದ ಮೈಸೂರಿನವರಿಗಿಂತ ಇಂಗ್ಲೆಂಡಿನವರಿಗೇ ಅದು ಕಷ್ಟವೆನಿಸಿತಂತೆ. ಧಕ್ಕೆಗೂ ದೋಣಿಗೂ ನಡುವೆ ಹಾಸುವ ಹಲಗೆಯನ್ನು ದಾಟುವುದೊಂದೇ ತಾಯಿಯ ನಿಜವಾದ ಭಯವಾಗಿತ್ತು. ಆ ರಾತ್ರಿ ಎಲ್ಲಿಗೂ ಹೊರಡದೆ ಮರೀನಾದಲ್ಲೇ ಉಳಿದು, ಅವರು ನಾಲ್ಕೈದು ಸಲ ಅಳಿಯನ ಭುಜ ಹಿಡಿದು ದಾಟಿ ರೂಢಿ ಮಾಡಿಕೊಂಡರು.

ಭಾನುವಾರ ಐಜಿನಾ, ಸುಮಾರು 17 ನಾಟಿಕಲ್ ಮೈಲಿ. ಹೊರಡುವ ಮುನ್ನವೇ ವೈದ್ಯರು ಬರೆದುಕೊಟ್ಟ ವಾಂತಿ ತಡೆಯುವ ಮಾತ್ರೆ ನುಂಗಿದ್ದರಿಂದ ಹನ್ನೊಂದರ ಹುಡುಗಿಯೊಬ್ಬಳನ್ನು ಬಿಟ್ಟರೆ ಯಾರಿಗೂ ತೊಂದರೆಯಾಗಲಿಲ್ಲ. ಅವಳು ಕೋಣೆಯೊಳಗೆ ಕೂತು ಮೊಬೈಲು ನೋಡುತ್ತಿದ್ದಳು. ಸೋಮವಾರ ಪಶ್ಚಿಮಕ್ಕೆ ಇನ್ನೊಂದು 14 ಮೈಲಿ ಸಾಗಿ ಹಳೆಯ ಎಪಿಡಾವ್ರೋಸ್.

ಸೋಮವಾರ ರಾತ್ರಿ ಹವಾಮಾನ ಮುನ್ಸೂಚನೆ ಬದಲಾಯಿತು. ಮಂಗಳವಾರ ಉತ್ತರದ ಗಾಳಿ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 6, ಅಂದರೆ ಗಂಟೆಗೆ 22ರಿಂದ 27 ನಾಟಿಕಲ್ ಮೈಲಿ. ಒಪ್ಪಂದದ ಪ್ರಕಾರ ಅಂಥ ಗಾಳಿಯಲ್ಲಿ ಬಂದರು ಬಿಡುವಂತಿರಲಿಲ್ಲ. ಮೊದಲ ನಕ್ಷೆಯಂತೆ ಹೊರಟಿದ್ದರೆ ಇದೊಂದು ದಿನದಿಂದ ಇಡೀ ವಾರ ಕುಸಿಯುತ್ತಿತ್ತು. ಇಲ್ಲಿ ಮೊದಲೇ ಒಂದು ದಿನವನ್ನು ಖಾಲಿ ಬಿಟ್ಟಿದ್ದರಿಂದ ಏನೂ ಕೆಡಲಿಲ್ಲ. ಟ್ಯಾಕ್ಸಿ ಹಿಡಿದು ಒಳನಾಡಿನಲ್ಲಿರುವ, ಪ್ರಾಚೀನ ಗ್ರೀಕರ ವೈದ್ಯದೇವತೆ ಅಸ್ಕ್ಲೆಪಿಯೊಸ್‌ನ ಕ್ಷೇತ್ರಕ್ಕೆ ಹೋದರು. ಕ್ರಿಸ್ತಪೂರ್ವ 4ನೇ ಶತಮಾನದ ಅಲ್ಲಿನ ಬಯಲು ರಂಗಮಂದಿರದಲ್ಲಿ ಹದಿನಾಲ್ಕು ಸಾವಿರದಷ್ಟು ಜನ ಕೂರಬಹುದು. ಮೊಮ್ಮಗಳು ಮೇಲಿನ ಸಾಲಿಗೆ ಹತ್ತಿ ಕೂತಳು. ತಾಯಿ ಕೆಳಗೆ ರಂಗದ ನಡುವೆ ನಿಂತು, ದನಿಯೇರಿಸದೆ ದೇವರನಾಮವೊಂದರ ಎರಡು ಸಾಲು ಹೇಳಿದರು. ಮೇಲೆ ಕೂತವಳಿಗೆ ಪ್ರತಿ ಅಕ್ಷರ ಕೇಳಿಸಿತಂತೆ. ಇಡೀ ಪ್ರವಾಸದಲ್ಲಿ ತಾಯಿ ಈಗಲೂ ಮಾತಾಡುವುದು ಈ ದಿನದ ಬಗ್ಗೆ, ಅಂದರೆ ದೋಣಿ ಕದಲದ ದಿನದ ಬಗ್ಗೆ, ಎಂಬುದನ್ನು ಯೋಜನೆ ಮಾಡುವವರು ಗಮನಿಸಬೇಕು.

ಬುಧವಾರ ಮೆಥಾನಾ ಪರ್ಯಾಯ ದ್ವೀಪವನ್ನು ಸುತ್ತಿ ಪೋರೊಸ್‌ಗೆ, ಸುಮಾರು 20 ಮೈಲಿ. ಇಲ್ಲಿ ಅಣ್ಣನವರ ಷರತ್ತು ನೆರವೇರಿತು. ಗಾಳಿಯಿಲ್ಲದ ಹೊತ್ತು, ಧಕ್ಕೆಯಲ್ಲಿ ಸಾಕಷ್ಟು ಜಾಗ. ಅಣ್ಣ ಚುಕ್ಕಾಣಿಯಲ್ಲಿ, ಮಗ ಮೂತಿಯಲ್ಲಿ ಲಂಗರಿನ ಗುಂಡಿ ಹಿಡಿದು ಸರಪಳಿಯ ಮೀಟರುಗಳನ್ನು ಕೂಗುತ್ತಿದ್ದ, ಭಾವ ಹಗ್ಗ ಹಿಡಿದು ಹಿಂದೆ ನಿಂತಿದ್ದರು. ಸ್ಕಿಪ್ಪರ್ ಕೈಕಟ್ಟಿ ಪಕ್ಕದಲ್ಲಿ. ಮೊದಲ ಸಲ ದೋಣಿ ಓರೆಯಾಗಿ ಹೋಯಿತು. ಸ್ಕಿಪ್ಪರ್ ಬೈಯಲಿಲ್ಲ, ಚುಕ್ಕಾಣಿ ಕಸಿದುಕೊಳ್ಳಲೂ ಇಲ್ಲ. ಚಕ್ರವನ್ನು ನೇರ ಬಿಟ್ಟು ಎರಡು ಎಂಜಿನ್‌ಗಳಿಂದಲೇ ತಿರುಗಿಸುವಂತೆ ಹೇಳಿದರು. ಮೂರನೆಯ ಸಲಕ್ಕೆ ದೋಣಿ ಸರಿಯಾಗಿ ಕೂತಿತು.

ಇದರಿಂದ ಉತ್ಸಾಹಗೊಂಡ ಅಣ್ಣನವರು ಗುರುವಾರ ಹೈಡ್ರಾ ಬಂದರಿಗೂ ತಾವೇ ದೋಣಿ ಕಟ್ಟುವುದಾಗಿ ಹೇಳಿದಾಗ ಎರಡನೆಯ ತಿರುವು ಬಂತು. ಮೋಟಾರು ವಾಹನಗಳನ್ನು ನಿಷೇಧಿಸಿರುವ, ಸರಕು ಸಾಗಿಸಲು ಕತ್ತೆಗಳನ್ನೇ ನೆಚ್ಚಿರುವ ಆ ದ್ವೀಪವನ್ನು ನೋಡಲು ಎಲ್ಲರಿಗೂ ಆಸೆಯಿತ್ತು. ಆದರೆ ಹೈಡ್ರಾದ ಬಂದರು ಚಿಕ್ಕದು. ದೋಣಿಗಳು ಎರಡು ಮೂರು ಸಾಲಾಗಿ ನಿಂತು, ಒಬ್ಬರ ಸರಪಳಿಯ ಮೇಲೆ ಇನ್ನೊಬ್ಬರ ಲಂಗರು ಬೀಳುವುದು ಅಲ್ಲಿ ನಿತ್ಯದ ಮಾತು. ದೋಣಿಯನ್ನು ಪೋರೊಸ್‌ನಲ್ಲೇ ಬಿಟ್ಟು ಪ್ರಯಾಣಿಕರ ಫೆರಿಯಲ್ಲಿ ಹೋಗಿ ಬರಬಹುದೆಂದು ಸ್ಕಿಪ್ಪರ್ ಸೂಚಿಸಿದರು. ಯಾಟ್ ಬಾಡಿಗೆಗೆ ಪಡೆದವರು ಟಿಕೆಟ್ ಕೊಂಡು ಫೆರಿ ಹತ್ತುವುದೇ ಎಂದು ಅಣ್ಣನವರಿಗೆ ಅವಮಾನವೆನಿಸಿತು. ಹೆಂಡತಿ, ತಂಗಿ ಇಬ್ಬರೂ ಸ್ಕಿಪ್ಪರ್ ಪರ ನಿಂತರು. ಫೆರಿಯಲ್ಲಿ ಅರ್ಧ ಗಂಟೆ. ಹಲಗೆ ದಾಟುವ ಕಷ್ಟವೂ ಇಲ್ಲ. ಸಂಜೆ ಹಿಂದಿರುಗುವ ಮುನ್ನ ಹೈಡ್ರಾದ ಧಕ್ಕೆಯಲ್ಲಿ ಕಾಫಿ ಕುಡಿಯುತ್ತ, ಸಿಕ್ಕಿಕೊಂಡ ಎರಡು ಲಂಗರುಗಳನ್ನು ಬಿಡಿಸಲು ಎರಡು ದೋಣಿಯವರು ಪರಸ್ಪರ ಕೂಗಾಡುವುದನ್ನು ಅಣ್ಣನವರು ಬಹಳ ಹೊತ್ತು ನೋಡಿದರಂತೆ.

ಶುಕ್ರವಾರ ಪೋರೊಸ್‌ನಿಂದ ಅಲಿಮೊಸ್‌ಗೆ 28 ಮೈಲಿಯ ಆಸುಪಾಸು, ಐದು ಗಂಟೆ. ದಿನಕ್ಕೆ ನಾಲ್ಕು ಗಂಟೆ ಮೀರಬಾರದೆಂದು ಹಾಕಿಕೊಂಡ ಮಿತಿ ಒಡೆದದ್ದು ಆ ಒಂದೇ ದಿನ. ಕೊನೆಯ ಒಂದು ಗಂಟೆಯಲ್ಲಿ ಇಬ್ಬರು ಮಕ್ಕಳು ಜಗಳವಾಡಿದರು, ಒಬ್ಬರಿಗೆ ತಲೆನೋವು ಬಂತು. ಮಿತಿ ಯಾಕಿತ್ತೆಂಬುದು ಎಲ್ಲರಿಗೂ ಸ್ಪಷ್ಟವಾಯಿತು. ಠೇವಣಿ ಪೂರ್ತಿ ಬಿಡುಗಡೆಯಾಯಿತು.

ಪ್ರಕರಣ ತಿಳಿಸುವುದೇನು

ಈ ಯೋಜನೆಯನ್ನು ಉಳಿಸಿದ್ದು ದ್ವೀಪಗಳ ಪಟ್ಟಿಯಿಂದ ಹೊರಡದೆ, ತಂಡದ ಅತ್ಯಂತ ಅಶಕ್ತ ವ್ಯಕ್ತಿ ಒಂದು ದಿನಕ್ಕೆ ಎಷ್ಟು ಗಂಟೆ ಸಮುದ್ರದ ಮೇಲಿರಬಲ್ಲರು ಎಂಬ ಪ್ರಶ್ನೆಯಿಂದ ಹೊರಟದ್ದು ಎಂದು ನನಗನಿಸುತ್ತದೆ. ಆ ಸಂಖ್ಯೆ ನಾಲ್ಕು ಎಂದು ಒಪ್ಪಿದ ಮೇಲೆ ಸೈಕ್ಲಡೀಸ್ ತಾನಾಗಿ ಬಿದ್ದುಹೋಯಿತು, ಖಾಲಿ ದಿನಕ್ಕೆ ಜಾಗವಾಯಿತು. ಸ್ಕಿಪ್ಪರ್ ವಿಷಯದಲ್ಲಿ ಹಣಕ್ಕಿಂತ ಗೌರವದ ಪ್ರಶ್ನೆಯೇ ದೊಡ್ಡದೆಂಬುದನ್ನು ಸಲಹೆ ಕೊಡುವವರು ಗುರುತಿಸಬೇಕು. ಮನೆಯ ಹಿರಿಯ ಮಗನಿಗೆ "ನಿನಗೆ ಬರುವುದಿಲ್ಲ" ಎನ್ನುವುದಕ್ಕೂ "ಇಲ್ಲಿನ ಪದ್ಧತಿ ಬೇರೆ, ಕಲಿಸುವವರನ್ನು ಕರೆದುಕೊಳ್ಳೋಣ" ಎನ್ನುವುದಕ್ಕೂ ಇರುವ ಅಂತರ ಇಲ್ಲಿ ನಿರ್ಣಾಯಕವಾಯಿತು. ಇಷ್ಟಾದರೂ ಇದೇ ಸೂತ್ರ ಎಲ್ಲರಿಗೂ ಒಪ್ಪುತ್ತದೆಂದು ಹೇಳಲಾರೆ. ಎಲ್ಲರೂ ಗಟ್ಟಿಮುಟ್ಟಾದ ವಯಸ್ಕರಾಗಿದ್ದು, ಇಬ್ಬರಿಗಾದರೂ ಹಾಯಿಯ ಅನುಭವವಿದ್ದರೆ ಕಡಿಮೆ ಖರ್ಚಿನ ಒಂದೇ ಒಡಲಿನ ದೋಣಿಯೇ ಹೆಚ್ಚು ಖುಷಿ ಕೊಡಬಹುದು.

ಮುಂದಿನ ಸಲ ಲೆಫ್ಕಡಾ ಎಂದು ಮಾತಾಗಿದೆ. ಅಷ್ಟರಲ್ಲಿ ಅತ್ತಿಗೆಯವರು ಸಾಮಾನ್ಯ ನಾವಿಕರಿಗಾಗಿ ಇರುವ ಆರಂಭಿಕ ತರಬೇತಿ ಮುಗಿಸಿ, ಎರಡನೆಯ ವ್ಯಕ್ತಿಯೆಂದು ನಿಜವಾಗಿಯೂ ಸಹಿ ಹಾಕುವಂತಾಗಬೇಕೆಂದು ಹೊರಟಿದ್ದಾರೆ. ತಾಯಿ ಮಾತ್ರ, ತಾವು ಬರುವುದಾದರೆ ದಡದ ಮೇಲೆ ಒಂದು ಕೋಣೆ ಮಾಡಿಕೊಡಬೇಕು, ಹಗಲು ಬೇಕಾದರೆ ದೋಣಿಗೆ ಬರುತ್ತೇನೆ ಎಂದಿದ್ದಾರೆ; ಅದಕ್ಕೆ ತಕ್ಕಂತೆ ಒಂದೇ ಕೊಲ್ಲಿಯ ಸುತ್ತ ತಿರುಗುವ, ಪ್ರತಿ ಸಂಜೆ ಅದೇ ಧಕ್ಕೆಗೆ ಮರಳುವ ದಾರಿಯನ್ನು ಈಗ ಗುರುತು ಹಾಕಿಕೊಳ್ಳುತ್ತಿದ್ದೇವೆ.